ಡಿಜಿಟಲ್ ಈಕ್ವಲೈಜರ್ ಕೆಟ್ಟಿದೆಯೋ, ಮೋಡ್ ತಪ್ಪಿದೆಯೋ? ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಸದ್ದಿನ ಬಾಸ್, ಟ್ರೆಬಲ್ ಹೀಗೆ ಒಂದೊಂದು ಭಾಗವನ್ನೂ (ಬ್ಯಾಂಡ್) ಬೇರೆ ಬೇರೆಯಾಗಿ ಏರಿಸಿ ಇಳಿಸುವ ಯಂತ್ರವೇ ಈಕ್ವಲೈಜರ್, ಚಿಕ್ಕದಾಗಿ ಈಕ್ಯೂ. ಡಿಜಿಟಲ್ ಈಕ್ವಲೈಜರ್ ಕೆಟ್ಟಿದೆ ಎಂಬ ದೂರು ಬಂದಾಗ ಬಹಳ ಸಲ ಯಂತ್ರ ಚೆನ್ನಾಗಿಯೇ ಇರುತ್ತದೆ. ಇರಬೇಕಾದ ಮೋಡ್‌ನಲ್ಲಿ ಇರುವುದಿಲ್ಲ, ಅಷ್ಟೇ. ಅನಲಾಗ್ ಈಕ್ವಲೈಜರ್‌ನಲ್ಲಿ ಸ್ಲೈಡರ್ ಎಲ್ಲಿದೆಯೋ ದನಿಯೂ ಅಲ್ಲಿಯೇ ಇರುತ್ತಿತ್ತು. ಡಿಜಿಟಲ್‌ನಲ್ಲಿ ಹಾಗಲ್ಲ. ಒಂದೇ ಪರದೆಯ ಹಿಂದೆ ಗ್ರಾಫಿಕ್ (ಸ್ಥಿರ ಬ್ಯಾಂಡ್‌ಗಳ ಸ್ಲೈಡರ್ ಸಾಲು), ಪ್ಯಾರಾಮೆಟ್ರಿಕ್ (ಫ್ರೀಕ್ವೆನ್ಸಿ, ಅಗಲ ಎರಡನ್ನೂ ನಾವೇ ಆರಿಸುವುದು), ಡೈನಾಮಿಕ್, ಆಟೋ, ಮಿಡ್-ಸೈಡ್ ಹೀಗೆ ಹಲವು ವಿಭಾಗಗಳು ಒಟ್ಟಿಗೇ ಓಡುತ್ತಿರುತ್ತವೆ. ಕಣ್ಣೆದುರು ಒಂದು ವಿಭಾಗ ಕಾಣುತ್ತಿದ್ದರೆ, ಸದ್ದನ್ನು ಬದಲಿಸುತ್ತಿರುವುದು ಇನ್ನೊಂದಾಗಿರಬಹುದು. ಆದ್ದರಿಂದ ಸ್ಕ್ರೂಡ್ರೈವರ್ ಹುಡುಕುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಿ: ಈಗ ಯಾವ ಮೋಡ್ ಚಾಲ್ತಿಯಲ್ಲಿದೆ? ಸದ್ದು ನಿಜವಾಗಿಯೂ ಈ ಯಂತ್ರದ ಮೂಲಕ ಹಾದು ಹೋಗುತ್ತಿದೆಯೇ?

ಪರೀಕ್ಷೆಗೆ ಕೈ ಹಾಕುವ ಮೊದಲು

ಮೋಡ್ ಬದಲಿಸುವಾಗ, ಪ್ರೀಸೆಟ್ (ಉಳಿಸಿಟ್ಟ ಸೆಟ್ಟಿಂಗ್) ಕರೆಯುವಾಗ, ಕೇಬಲ್ ಕೀಳುವಾಗ ಆಂಪ್ಲಿಫೈಯರ್ ವಾಲ್ಯೂಮ್ ಪೂರ್ತಿ ಇಳಿಸಿ. ಹೊಸ ಪ್ರೀಸೆಟ್‌ನಲ್ಲಿ ಯಾವುದೋ ಬ್ಯಾಂಡ್ +12 ಡೆಸಿಬೆಲ್‌ಗೆ ಏರಿಸಿಟ್ಟಿದ್ದರೆ ಅದು ಮೊದಲು ತಿಳಿಯುವುದು ಟ್ವೀಟರ್‌ಗೆ, ಅಂದರೆ ಟ್ರೆಬಲ್ ನುಡಿಸುವ ಸಣ್ಣ ಸ್ಪೀಕರ್‌ಗೆ. ಪವರ್ ಆಂಪ್ಲಿಫೈಯರ್ ಅನ್ನು ಕೊನೆಯಲ್ಲಿ ಆನ್ ಮಾಡಬೇಕು, ಮೊದಲು ಆಫ್ ಮಾಡಬೇಕು. ಹೆಡ್‌ಫೋನ್ ಹಾಕಿಕೊಂಡೇ ಮೋಡ್ ಬದಲಿಸಬೇಡಿ. ಪರೀಕ್ಷೆಯ ನಾಯ್ಸ್ ಹಾಕಿಕೊಂಡು ಗಂಟೆಗಟ್ಟಲೆ ಕೂರುವವರು ಇದನ್ನೂ ನೆನಪಿಡಬೇಕು: ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ ಹೇಳುವ ಮಿತಿ ದಿನಕ್ಕೆ 8 ಗಂಟೆ, 85 ಡೆಸಿಬೆಲ್. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧವಾಗುತ್ತದೆ.

ಆಮೇಲೆ ಬೈಪಾಸ್ ಬಟನ್, ಅಂದರೆ ತಿದ್ದುಪಡಿಯಿಲ್ಲದೆ ಸದ್ದನ್ನು ಹಾಗೇ ಹಾಯಿಸುವ ಬಟನ್. ಇದಕ್ಕಿಂತ ಅಗ್ಗದ ಪರೀಕ್ಷಾ ಉಪಕರಣ ಇನ್ನೊಂದಿಲ್ಲ. ಬೈಪಾಸ್ ಒತ್ತಿದಾಗ ತೊಂದರೆ ಮಾಯವಾದರೆ ಅದು ಯಂತ್ರದೊಳಗಿನದ್ದು, ಹೆಚ್ಚಾಗಿ ಸೆಟ್ಟಿಂಗ್‌ನದ್ದು. ಉಳಿದರೆ ಬಹುಶಃ ಹೊರಗಿನದ್ದು. ‘ಬಹುಶಃ’ ಎನ್ನಲು ಕಾರಣವಿದೆ. ಬೈಪಾಸ್‌ನಲ್ಲಿ ಎರಡು ಜಾತಿ. ಒಂದರಲ್ಲಿ ಒಳಗೆ ರಿಲೇ ‘ಟಕ್’ ಎಂದು ಬಡಿದು ಇನ್‌ಪುಟ್ಟನ್ನು ನೇರವಾಗಿ ಔಟ್‌ಪುಟ್ಟಿಗೆ ಜೋಡಿಸುತ್ತದೆ. ಇಂಥ ಯಂತ್ರದಲ್ಲಿ ಕರೆಂಟ್ ಹೋದರೂ ಸದ್ದು ಹಾದು ಹೋಗುವುದುಂಟು. ಇನ್ನೊಂದರಲ್ಲಿ ಫಿಲ್ಟರ್‌ಗಳ ಲೆಕ್ಕ ಮಾತ್ರ ನಿಲ್ಲುತ್ತದೆ. ಸದ್ದು ಆಗಲೂ ಅನಲಾಗ್‌ನಿಂದ ಡಿಜಿಟಲ್‌ಗೆ, ಡಿಜಿಟಲ್‌ನಿಂದ ಅನಲಾಗ್‌ಗೆ ಬದಲಾಗುತ್ತಲೇ ಇರುತ್ತದೆ. ಈ ಎರಡನೆಯ ಜಾತಿಯಲ್ಲಿ ಬೈಪಾಸ್ ಆದ ಮೇಲೂ ತೊಂದರೆ ಉಳಿದರೆ ಯಂತ್ರ ನಿರ್ದೋಷಿ ಎಂದು ಹೇಳಲಾಗದು. ಇನ್‌ಪುಟ್ ಕೇಬಲ್ ಮತ್ತು ಔಟ್‌ಪುಟ್ ಕೇಬಲ್ ಎರಡನ್ನೂ ಕಿತ್ತು ಒಂದಕ್ಕೊಂದು ಜೋಡಿಸಿ ನೋಡಬೇಕು.

ಲಕ್ಷಣ: ಸ್ಲೈಡರ್ ಎಳೆದರೂ ದನಿಯಲ್ಲಿ ಏನೂ ವ್ಯತ್ಯಾಸವಿಲ್ಲ

ಮೊದಲು ಬೈಪಾಸ್ ದೀಪ ನೋಡಿ. ಹಾಸ್ಯವಲ್ಲ, ಈ ದೂರಿಗೆ ಅತಿ ಸಾಮಾನ್ಯ ಉತ್ತರ ಅಲ್ಲೇ ಇರುತ್ತದೆ. ಎಷ್ಟೋ ಯಂತ್ರಗಳಲ್ಲಿ ಒಟ್ಟು ಬೈಪಾಸ್ ಒಂದು, ಪ್ರತಿ ವಿಭಾಗಕ್ಕೆ ಬೇರೆ ಆನ್-ಆಫ್ ಇನ್ನೊಂದು. ಗ್ರಾಫಿಕ್ ಪುಟ ತೆರೆದು 31 ಬ್ಯಾಂಡ್‌ಗಳನ್ನು ತಿದ್ದುತ್ತಾ ಕೂತಿರುತ್ತೀರಿ. ಆ ವಿಭಾಗವೇ ಆಫ್ ಆಗಿದ್ದು, ಪ್ಯಾರಾಮೆಟ್ರಿಕ್ ಮಾತ್ರ ಕೆಲಸ ಮಾಡುತ್ತಿರುತ್ತದೆ.

ಮುಂದಿನ ತಪಾಸಣೆ ಚಾನಲ್. ಸ್ಟೀರಿಯೋ ಲಿಂಕ್ ಬಿಚ್ಚಿ ಡ್ಯುಯಲ್ ಮೋನೋ ಮೋಡ್‌ನಲ್ಲಿಟ್ಟರೆ ಎರಡು ಚಾನಲ್‌ಗಳಿಗೂ ಬೇರೆ ಬೇರೆ ತಿದ್ದುಪಡಿ. ಪರದೆಯಲ್ಲಿರುವುದು ಒಂದನೇ ಚಾನಲ್, ನೀವು ಕೇಳುತ್ತಿರುವ ಸ್ಪೀಕರ್ ಎರಡನೆಯದು ಎಂದಾದರೆ ಎಷ್ಟು ಎಳೆದರೂ ಫಲವಿಲ್ಲ. ಕೆಲವು ಯಂತ್ರಗಳಲ್ಲಿ ತಿದ್ದಿದ್ದು ಕೂಡಲೇ ಜಾರಿಗೆ ಬರುವುದೂ ಇಲ್ಲ. ಎಡಿಟ್ ಮುಗಿಸಿ ‘ರೀಕಾಲ್’ ಕೊಡಬೇಕು.

ಇಷ್ಟಾದರೂ ಗೊತ್ತಾಗದಿದ್ದರೆ ಈಕ್ವಲೈಜರ್‌ನ ಔಟ್‌ಪುಟ್ ಕೇಬಲ್ ಕಿತ್ತುಬಿಡಿ (ವಾಲ್ಯೂಮ್ ಇಳಿಸಿಯೇ). ಸದ್ದು ನಿಲ್ಲದೆ ಮುಂದುವರಿದರೆ ಅದು ಈ ಯಂತ್ರದ ಮೂಲಕ ಹೋಗುತ್ತಲೇ ಇರಲಿಲ್ಲ. ಮಿಕ್ಸರ್‌ನ ಇನ್ಸರ್ಟ್ (ಸದ್ದನ್ನು ಪೂರ್ತಿಯಾಗಿ ಹೊರಗಿನ ಯಂತ್ರಕ್ಕೆ ಕಳಿಸಿ ಮರಳಿ ಪಡೆಯುವ ಸಂಪರ್ಕ) ಆನ್ ಆಗಿಲ್ಲ, ಅಥವಾ ಕೇಬಲ್ ತಪ್ಪು ಸಾಕೆಟ್‌ನಲ್ಲಿದೆ.

ಸದ್ದು ನಿಂತಿತೇ? ಹಾಗಾದರೆ ಕೇಬಲ್ ಮತ್ತೆ ಹಾಕಿ, 1 ಕಿಲೋಹರ್ಟ್ಸ್ ಬ್ಯಾಂಡ್ ಅನ್ನು ತಳಕ್ಕೆ ಎಳೆಯಿರಿ. ಮಾತಿನ ದನಿಯಲ್ಲಿ ಈ ಬದಲಾವಣೆ ಯಾರ ಕಿವಿಗೂ ತಪ್ಪುವುದಿಲ್ಲ. ಪರೀಕ್ಷೆಗೆ ಯಾವತ್ತೂ ಇಳಿಸಿ ನೋಡಬೇಕು, ಏರಿಸಿ ನೋಡಬಾರದು. ಎಷ್ಟೋ ಜನ 25 ಅಥವಾ 31.5 ಹರ್ಟ್ಸ್ ಸ್ಲೈಡರ್ ಏರಿಸಿ ‘ಕೆಲಸ ಮಾಡುತ್ತಿಲ್ಲ’ ಎನ್ನುತ್ತಾರೆ. ಸಣ್ಣ ಸ್ಪೀಕರ್‌ಗೆ ಆ ಫ್ರೀಕ್ವೆನ್ಸಿ ನುಡಿಸುವ ಶಕ್ತಿಯೇ ಇಲ್ಲ. ಕೋನ್ ಒದ್ದಾಡುತ್ತದೆ, ಕಿವಿಗೆ ಏನೂ ಕೇಳುವುದಿಲ್ಲ.

ಪ್ಯಾರಾಮೆಟ್ರಿಕ್ ಮೋಡ್‌ನಲ್ಲಿ ಕ್ಯೂ ಮೌಲ್ಯವನ್ನೂ ನೋಡಿ. ಕ್ಯೂ ಹೆಚ್ಚಿದಷ್ಟೂ ಫಿಲ್ಟರ್ ಕಿರಿದು. ಸುಮಾರು 1.4 ಇದ್ದರೆ ಒಂದು ಆಕ್ಟೇವ್ (ಫ್ರೀಕ್ವೆನ್ಸಿ ಎರಡು ಪಟ್ಟಾಗುವ ಅಂತರ) ಅಗಲ; 4.3 ಇದ್ದರೆ ಆಕ್ಟೇವ್‌ನ ಮೂರನೇ ಒಂದು ಭಾಗ, ಅಂದರೆ 31 ಬ್ಯಾಂಡ್ ಗ್ರಾಫಿಕ್‌ನ ಒಂದು ಸ್ಲೈಡರ್‌ನಷ್ಟು. ಕ್ಯೂ 30ರಲ್ಲಿಟ್ಟು ಸಂಗೀತ ಕೇಳಿದರೆ ವ್ಯತ್ಯಾಸ ಗೊತ್ತಾಗದಿರುವುದು ಸಹಜ.

ಪರದೆಯಲ್ಲಿ ಅಂಕಿ ಬದಲಾಗುತ್ತಿದೆ, ಕೇಬಲ್ ಸರಿಯಿದೆ, ಬೈಪಾಸ್ ಇಲ್ಲ, ಆದರೂ 1 ಕಿಲೋಹರ್ಟ್ಸ್ ಇಳಿಸಿದಾಗ ಏನೂ ಆಗದಿದ್ದರೆ ಒಳಗಿನ ಪ್ರೊಸೆಸರ್ ಸಿಕ್ಕಿಹಾಕಿಕೊಂಡಿರಬಹುದು. ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ. ಮತ್ತೆ ಮತ್ತೆ ಹಾಗೇ ಆದರೆ ಅದು ರಿಪೇರಿಯ ಕೆಲಸ.

ಲಕ್ಷಣ: ಏರಿಸಿದ ಕೂಡಲೇ ದನಿ ಒಡೆಯುತ್ತದೆ

ಡಿಜಿಟಲ್‌ನಲ್ಲಿ 0 ಡಿಬಿಎಫ್ಎಸ್ (ಅಂಕಿಗಳಲ್ಲಿ ಹಿಡಿಸುವ ಅತಿ ದೊಡ್ಡ ಮಟ್ಟ) ಎಂಬುದು ಗೋಡೆ. ಅನಲಾಗ್ ಸರ್ಕ್ಯೂಟ್ ಮಿತಿ ದಾಟುವಾಗ ಸ್ವಲ್ಪ ಸ್ವಲ್ಪವೇ ಬಳಲುತ್ತದೆ. ಇಲ್ಲಿ ಅಲೆಯ ತಲೆ ಒಮ್ಮೆಗೇ ಕತ್ತರಿಸಿ ಹೋಗುತ್ತದೆ. ಕೆಂಪು ದೀಪ ಎಲ್ಲಿ ಹೊತ್ತುತ್ತದೆ ಎಂಬುದೇ ಇಲ್ಲಿ ಮುಖ್ಯ ಸುಳಿವು.

ಇನ್‌ಪುಟ್ ಮೀಟರ್ ಕೆಂಪಾದರೆ ಈಕ್ವಲೈಜರ್ ಸೆಟ್ಟಿಂಗ್ ತಿದ್ದಿ ಪ್ರಯೋಜನವಿಲ್ಲ. ಒಳಗೆ ಬರುವಾಗಲೇ ಒಡೆದಿದೆ. ಹಿಂಬದಿಯ ಲೆವೆಲ್ ಸ್ವಿಚ್ ನೋಡಿ. ವೃತ್ತಿಪರ ಉಪಕರಣಗಳ ಮಟ್ಟ +4 ಡಿಬಿಯು, ಮನೆಬಳಕೆಯವುಗಳದು −10 ಡಿಬಿವಿ. ಇವೆರಡರ ನಡುವೆ ಸುಮಾರು 12 ಡೆಸಿಬೆಲ್ ಅಂತರ. ಸ್ವಿಚ್ −10ರಲ್ಲಿದ್ದು ಮಿಕ್ಸರ್ +4 ಕಳಿಸುತ್ತಿದ್ದರೆ ಒಡೆಯದೆ ಇನ್ನೇನು? ಇದರ ತಿರುವುಮುರುವಾದರೆ ದನಿ ಸಣ್ಣದಾಗಿ, ಹಿನ್ನೆಲೆಯ ‘ಸ್‌ಸ್’ ಸದ್ದು ಎದ್ದು ಕೇಳುತ್ತದೆ.

ಇನ್‌ಪುಟ್ ಹಸಿರು, ಔಟ್‌ಪುಟ್ ಕೆಂಪು ಎಂದರೆ ತಪ್ಪು ನಿಮ್ಮ ಏರಿಕೆಗಳದ್ದು. ಗ್ರಾಫಿಕ್ ಮೋಡ್‌ನಲ್ಲಿ ಪಕ್ಕಪಕ್ಕದ ಸ್ಲೈಡರ್‌ಗಳು ಒಂದರ ಮೇಲೊಂದು ಚಾಚಿಕೊಳ್ಳುತ್ತವೆ. ಮೂರು ಬ್ಯಾಂಡ್‌ಗಳನ್ನು +6ಕ್ಕೆ ಏರಿಸಿದರೆ ನಡುವೆ ಸಿಗುವುದು 6ಕ್ಕಿಂತ ಹೆಚ್ಚು. ಪರದೆಯಲ್ಲಿ ಒಟ್ಟು ಕರ್ವ್ ತೋರಿಸುವ ಸೌಲಭ್ಯವಿದ್ದರೆ ಅದನ್ನೇ ನಂಬಿ, ಸ್ಲೈಡರ್ ತುದಿಗಳನ್ನಲ್ಲ. ಆ ಕರ್ವ್‌ನ ಅತಿ ಎತ್ತರದ ಜಾಗ ಎಷ್ಟು ಡೆಸಿಬೆಲ್ ಇದೆಯೋ ಅಷ್ಟನ್ನು ಪ್ರೀ-ಗೇನ್‌ನಲ್ಲಿ (ಫಿಲ್ಟರ್‌ಗಳಿಗೆ ಮುಂಚಿನ ಮಟ್ಟ) ಇಳಿಸಿ. ದನಿ ಸಣ್ಣದಾಯಿತೆನಿಸಿದರೆ ಆಂಪ್ಲಿಫೈಯರ್‌ನಲ್ಲಿ ಏರಿಸಿಕೊಳ್ಳಿ.

ಒಂದು ವಿಚಿತ್ರ: ಎಲ್ಲ ಬ್ಯಾಂಡ್‌ಗಳನ್ನೂ ಇಳಿಸಿಯೇ ಇದ್ದರೂ ಕೆಲವೊಮ್ಮೆ ಔಟ್‌ಪುಟ್ ಕೆಂಪಾಗುತ್ತದೆ. ಫಿಲ್ಟರ್ ಅಲೆಯ ಫೇಸ್ (ಬೇರೆ ಬೇರೆ ಫ್ರೀಕ್ವೆನ್ಸಿಗಳು ಕೂಡಿಬರುವ ಸಮಯದ ಹೊಂದಾಣಿಕೆ) ಬದಲಿಸುತ್ತದೆ. ಮೊದಲೇ ಗಟ್ಟಿಯಾಗಿ ಅದುಮಿ ಮಾಡಿದ ರೆಕಾರ್ಡಿಂಗ್ ಆಗಿದ್ದರೆ ಅದರಿಂದ ಹೊಸ ತುದಿಗಳು ಎದ್ದು ಗೋಡೆಗೆ ಬಡಿಯುತ್ತವೆ. ಯಂತ್ರದ ದೋಷವಲ್ಲ. ಒಂದೆರಡು ಡೆಸಿಬೆಲ್ ಜಾಗ ಬಿಟ್ಟರೆ ಸಾಕು.

ಎರಡೂ ಮೀಟರ್ ಹಸಿರಾಗಿದ್ದೂ ದನಿ ಒಡೆದರೆ ಮುಂದಿರುವ ಆಂಪ್ಲಿಫೈಯರ್, ಸ್ಪೀಕರ್ ಕಡೆ ತಿರುಗಿ. +3 ಡೆಸಿಬೆಲ್ ಏರಿಸಿದರೆ ಆ ಬ್ಯಾಂಡ್‌ನಲ್ಲಿ ಆಂಪ್ಲಿಫೈಯರ್ ಎರಡು ಪಟ್ಟು ಶಕ್ತಿ ಕೊಡಬೇಕು, +10ಕ್ಕೆ ಹತ್ತು ಪಟ್ಟು. ಬಾಸ್ ಏರಿಸಿದಾಗ ಸ್ಪೀಕರ್ ‘ಪಟಪಟ’ ಅಂದರೆ ಕೋನ್ ತನ್ನ ಮಿತಿ ದಾಟುತ್ತಿದೆ ಎಂದು ತಿಳಿಯಿರಿ. ಹೈ-ಪಾಸ್ ಫಿಲ್ಟರ್ ಹಾಕಿ, ಸ್ಪೀಕರ್ ನುಡಿಸಲಾರದ ಕೆಳಗಿನ ಭಾಗವನ್ನು ಕತ್ತರಿಸಿ. ಸುಟ್ಟ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ, ಆಂಪ್ಲಿಫೈಯರ್ ಆಫ್ ಮಾಡಿ. ‘ಇನ್ನೊಮ್ಮೆ ನೋಡೋಣ’ ಎನ್ನುವ ಆ ಒಂದು ಸಲವೇ ಕಾಯಿಲ್ ತಿನ್ನುತ್ತದೆ.

ಲಕ್ಷಣ: ಪೈಪಿನೊಳಗಿಂದ ಮಾತಾಡಿದ ಹಾಗೆ, ಅಥವಾ ತಡವಾಗಿ ಕೇಳುತ್ತದೆ

ಇದು ಫೇಸ್ ಮೋಡ್‌ಗಳ ಕೆಲಸ. ಮಿನಿಮಮ್ ಫೇಸ್ ಮೋಡ್‌ನಲ್ಲಿ ಫಿಲ್ಟರ್‌ಗಾಗಿ ಸದ್ದನ್ನು ಕೂಡಿಟ್ಟು ಕಾಯಬೇಕಿಲ್ಲ. ಲೀನಿಯರ್ ಫೇಸ್ ಹಾಗಲ್ಲ: ಎಲ್ಲ ಫ್ರೀಕ್ವೆನ್ಸಿಗಳನ್ನೂ ಸಮವಾಗಿ ತಡಮಾಡಲು ಒಂದಿಷ್ಟು ಸ್ಯಾಂಪಲ್‌ಗಳನ್ನು (ಸದ್ದಿನ ಅಳತೆಯ ಅಂಕಿಗಳು) ಕೂಡಿಟ್ಟುಕೊಂಡೇ ಮುಂದೆ ಕಳಿಸುತ್ತದೆ. 4096 ಟ್ಯಾಪ್‌ಗಳ (ಲೆಕ್ಕಕ್ಕೆ ಒಮ್ಮೆಗೆ ಬಳಸುವ ಸ್ಯಾಂಪಲ್‌ಗಳು) ಲೀನಿಯರ್ ಫಿಲ್ಟರ್ 48 ಕಿಲೋಹರ್ಟ್ಸ್ ಸ್ಯಾಂಪಲ್ ದರದಲ್ಲಿ ಸುಮಾರು 43 ಮಿಲಿಸೆಕೆಂಡ್ ತಡ ಮಾಡುತ್ತದೆ. ಗಾಳಿಯಲ್ಲಿ ಸದ್ದು 15 ಮೀಟರ್ ಹತ್ತಿರ ಸಾಗುವಷ್ಟು ಹೊತ್ತು ಅದು. ರೆಕಾರ್ಡಿಂಗ್ ಕೇಳುವವರಿಗೆ ಇದರಿಂದ ಏನೂ ಆಗದು. ಆದರೆ ಹಾಡುವವರ ಮಾನಿಟರ್‌ನಲ್ಲಿ ಇದನ್ನು ಹಾಕಿದರೆ ಅವರಿಗೆ ತಾಳ ಹಿಡಿಯಲಾಗುವುದಿಲ್ಲ. ವಿಡಿಯೋ ಜತೆಗಾದರೆ ತುಟಿಗೂ ಮಾತಿಗೂ ಹೊಂದುವುದಿಲ್ಲ. ಮಿನಿಮಮ್ ಫೇಸ್‌ಗೆ ಬದಲಿಸಿ ನೋಡಿ. ತಡ ಹೋದರೆ ಕಾರಣ ಸಿಕ್ಕಿತು.

ತಡ ಗೊತ್ತಾಗುತ್ತಿಲ್ಲ, ದನಿ ಮಾತ್ರ ಟೊಳ್ಳು ಎಂದರೆ ಅದೇ ಸದ್ದು ಎರಡು ದಾರಿಯಲ್ಲಿ ಬರುತ್ತಿದೆ: ಒಂದು ಈಕ್ವಲೈಜರ್ ಮೂಲಕ, ಇನ್ನೊಂದು ನೇರ. ಎರಡರ ನಡುವೆ 1 ಮಿಲಿಸೆಕೆಂಡ್ ಅಂತರವಿದ್ದು ಮಟ್ಟ ಸಮವಾಗಿದ್ದರೆ 500, 1500, 2500 ಹರ್ಟ್ಸ್ ಹೀಗೆ ಸಾಲಾಗಿ ಸದ್ದು ಅಳಿಸಿಹೋಗುತ್ತದೆ. ಯಾವ ಸ್ಲೈಡರ್‌ನಿಂದಲೂ ಇದನ್ನು ತುಂಬಿಸಲಾಗದು. ಈಕ್ವಲೈಜರ್ ಅನ್ನು ಆಕ್ಸ್ ಸೆಂಡ್-ರಿಟರ್ನ್‌ನಲ್ಲಿ (ಸದ್ದಿನ ಒಂದು ಪ್ರತಿಯನ್ನು ಮಾತ್ರ ಹೊರಗೆ ಕಳಿಸಿ ಮರಳಿ ಬೆರೆಸುವ ದಾರಿ) ಹಾಕಿದ್ದರೆ ತೆಗೆದು ಇನ್ಸರ್ಟ್‌ಗೆ ಹಾಕಿ. ನೇರದ ದಾರಿ ಮುಚ್ಚಿಹೋಗುತ್ತದೆ. ಮೂಲ ಸದ್ದು, ತಿದ್ದಿದ ಸದ್ದು ಎರಡನ್ನೂ ಬೆರೆಸುವ ಡ್ರೈ-ವೆಟ್ ಗುಂಡಿ ಇದ್ದರೆ ಪೂರ್ತಿ ವೆಟ್‌ಗೆ ತಿರುಗಿಸಿ.

ಲೀನಿಯರ್ ಫೇಸ್‌ಗೆ ಇನ್ನೊಂದು ಗುರುತಿದೆ: ಡ್ರಮ್ ಪೆಟ್ಟಿಗೆ ಮುಂಚೆಯೇ ಮೆಲ್ಲನೆ ‘ಸ್ಸು’ ಎಂದು ಪೆಟ್ಟಿನ ನೆರಳು ಕೇಳುವುದು. ಕಿರಿದಾದ, ಆಳವಾದ ಫಿಲ್ಟರ್‌ಗಳಲ್ಲಿ ಇದು ಜಾಸ್ತಿ. ನನ್ನ ಕೇಳಿದರೆ, ನೇರ ಕಾರ್ಯಕ್ರಮದಲ್ಲಿ ಲೀನಿಯರ್ ಫೇಸ್‌ಗೆ ಜಾಗವೇ ಇಲ್ಲ. ಹೆಸರಿನ ಗತ್ತಿಗೆ ಮರುಳಾಗಿ ಹಾಕುವವರೇ ಹೆಚ್ಚು.

ಲಕ್ಷಣ: ಎಡಬಲ ಹದ ತಪ್ಪಿದೆ, ಒಂದು ಬದಿ ಬರಿದು

ಹಾಡುವವರ ದನಿಯೆಲ್ಲ ಎಡಕ್ಕೆ, ಬಲದಲ್ಲಿ ತೆಳುವಾದ ಪ್ರತಿಧ್ವನಿ ಮಾತ್ರ. ಕೇಬಲ್ ಕಿತ್ತುಹೋಗಿದೆ ಎಂದೇ ಎಲ್ಲರ ಅನುಮಾನ. ಮಿಡ್-ಸೈಡ್ ಮೋಡ್ ನೋಡಿದ್ದೀರಾ? ಆ ಮೋಡ್‌ನಲ್ಲಿ ಎಡಬಲಗಳ ಮೊತ್ತ ‘ಮಿಡ್’, ವ್ಯತ್ಯಾಸ ‘ಸೈಡ್’. ಯಂತ್ರ ಎರಡನ್ನೂ ಬೇರೆ ಬೇರೆ ತಿದ್ದಿ ಮತ್ತೆ ಎಡಬಲ ಮಾಡಿ ಕಳಿಸಬೇಕು. ಮರಳಿ ಕೂಡಿಸುವ ಡಿಕೋಡ್ ಆಫ್ ಆಗಿದ್ದರೆ ಎಡ ಸ್ಪೀಕರ್‌ನಲ್ಲಿ ಮಿಡ್, ಬಲದಲ್ಲಿ ಸೈಡ್ ನುಡಿಯುತ್ತದೆ.

ಪತ್ತೆ ಸುಲಭ: ಮೋನೋ ರೆಕಾರ್ಡಿಂಗ್ ಹಾಕಿ. ಎಡಬಲ ಒಂದೇ ಆದ್ದರಿಂದ ವ್ಯತ್ಯಾಸ ಸೊನ್ನೆ. ಬಲ ಸ್ಪೀಕರ್ ಪೂರ್ತಿ ಮೌನವಾಗುತ್ತದೆ. ಸ್ಟೀರಿಯೋ ಹಾಡಿಗೆ ಬಲದಲ್ಲಿ ಮತ್ತೆ ಸದ್ದು ಬಂತೆಂದರೆ ಕೇಬಲ್ ಸರಿಯಿದೆ, ತಪ್ಪು ಮೋಡ್‌ನದ್ದು. ಯಾವ ರೆಕಾರ್ಡಿಂಗ್‌ಗೂ ಒಂದು ಬದಿ ಸತ್ತೇ ಇದ್ದರೆ ಆಗ ಈಕ್ವಲೈಜರ್‌ನ ಇನ್‌ಪುಟ್‌ನಲ್ಲಿ ಎಡಬಲ ಕೇಬಲ್ ಅದಲುಬದಲು ಮಾಡಿ. ಮೌನವೂ ಬದಿ ಬದಲಿಸಿದರೆ ಕೇಬಲ್ ಅಥವಾ ಅದಕ್ಕೂ ಹಿಂದಿನದು ಕಾರಣ. ಅದೇ ಬದಿಯಲ್ಲಿ ಉಳಿದರೆ ಈಕ್ವಲೈಜರ್ ಚಾನಲ್ ಅಥವಾ ಅದರ ಮುಂದಿನದು.

ಲಕ್ಷಣ: ಆಟೋ ಈಕ್ಯೂ ಓಡಿಸಿದ ಮೇಲೆ ಮೊದಲಿಗಿಂತ ಕೆಟ್ಟದಾಗಿದೆ

ಆಟೋ ಮೋಡ್ ಪಿಂಕ್ ನಾಯ್ಸ್ (ಪ್ರತಿ ಆಕ್ಟೇವ್‌ನಲ್ಲೂ ಸಮ ಶಕ್ತಿಯಿರುವ ಪರೀಕ್ಷಾ ಸದ್ದು) ನುಡಿಸಿ, ಮೈಕ್‌ನಲ್ಲಿ ಕೇಳಿಸಿಕೊಂಡು ಕರ್ವ್ ಬರೆಯುತ್ತದೆ. ಹೊರಗಿನಿಂದ ನಾಯ್ಸ್ ಕೊಡುವವರು ಬಿಳಿ ನಾಯ್ಸ್ (ಪ್ರತಿ ಹರ್ಟ್ಸ್‌ನಲ್ಲೂ ಸಮ ಶಕ್ತಿಯಿರುವುದು) ಕೊಟ್ಟರೆ ಅಳತೆ ಪ್ರತಿ ಆಕ್ಟೇವ್‌ಗೆ 3 ಡೆಸಿಬೆಲ್ ಮೇಲೇರಿದಂತೆ ತೋರುತ್ತದೆ. ಯಂತ್ರ ಅಷ್ಟೂ ಟ್ರೆಬಲ್ ಕತ್ತರಿಸಿ ದನಿಯನ್ನು ಮಂಕಾಗಿಸುತ್ತದೆ. ನಾಯ್ಸ್ ಮಟ್ಟ ತೀರ ಕಡಿಮೆಯಿದ್ದರೆ ಫ್ಯಾನ್, ಏಸಿಗಳ ಸದ್ದನ್ನೇ ಕೋಣೆಯ ಗುಣ ಎಂದು ಬಗೆಯುತ್ತದೆ. ಅಳತೆಯ ಮೈಕ್‌ಗೆ ಸಾಮಾನ್ಯವಾಗಿ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕ್ ಕೇಬಲ್‌ನಲ್ಲೇ ಹೋಗುವ ವಿದ್ಯುತ್) ಬೇಕು. ಅದು ಆಫ್ ಆಗಿದ್ದರೆ ಯಂತ್ರ ಕೇಳುವುದು ಬರೀ ಮೌನ, ಬರೆಯುವುದು ಬರೀ ಅಸಂಬದ್ಧ.

ಇವೆಲ್ಲ ಸರಿಯಿದ್ದೂ ಬಾಸ್‌ನಲ್ಲಿ ಒಂದು ಬ್ಯಾಂಡ್ +12ಕ್ಕೆ ಏರಿ ನಿಂತಿದ್ದರೆ ಅದು ಕೋಣೆಯ ಕುಳಿ. ಗೋಡೆಯಿಂದ ಮರಳಿದ ಅಲೆ ನೇರ ಅಲೆಯನ್ನು ಆ ಜಾಗದಲ್ಲಿ ಅಳಿಸುತ್ತಿದೆ. ನೀವು ಏರಿಸಿದಷ್ಟೂ ಮರಳುವ ಅಲೆಯೂ ಏರುತ್ತದೆ. ತೂತು ಕೊಡಕ್ಕೆ ನೀರು ಹೊಯ್ದ ಹಾಗೆ. ಮೈಕ್ ಅನ್ನು ಅರ್ಧ ಮೀಟರ್ ಸರಿಸಿ ಮತ್ತೆ ಅಳೆಯಿರಿ, ಕುಳಿ ಜಾಗ ಬದಲಿಸುತ್ತದೆ. ಹಲವು ಜಾಗಗಳಲ್ಲಿ ಅಳೆದು ಸರಾಸರಿ ತೆಗೆದುಕೊಳ್ಳಿ, ಏರಿಕೆಗೆ +3ರ ಮಿತಿ ಹಾಕಿ, ಉಬ್ಬುಗಳನ್ನು ಮಾತ್ರ ಇಳಿಸಲು ಬಿಡಿ. ಆಟೋ ಕೊಟ್ಟ ಕರ್ವ್ ಅನ್ನು ಕರಡು ಎಂದು ಇಟ್ಟುಕೊಂಡು ಕಿವಿಯಿಂದ ತಿದ್ದುವುದೇ ಸರಿ.

ಹೋಲಿಸುವಾಗ ಬೈಪಾಸ್ ಮತ್ತು ಈಕ್ಯೂ ಎರಡರ ಮಟ್ಟವೂ ಸಮವಿರಲಿ. ಒಂದು ಡೆಸಿಬೆಲ್ ಜೋರಿದ್ದದ್ದು ಕಿವಿಗೆ ಒಳ್ಳೆಯದಾಗಿಯೇ ಕೇಳುತ್ತದೆ.

ಲಕ್ಷಣ: ಯಾರೂ ಮುಟ್ಟದಿದ್ದರೂ ದನಿ ಬದಲಾಗುತ್ತಿದೆ

ಜೋರಾದಾಗ ಮಾತ್ರ ಒಂದು ಭಾಗ ಅಡಗುತ್ತದೆ, ಮೆಲ್ಲಗಾದಾಗ ಮರಳುತ್ತದೆ ಎಂದರೆ ಡೈನಾಮಿಕ್ ಈಕ್ಯೂ ಕೆಲಸ ಮಾಡುತ್ತಿದೆ. ಥ್ರೆಷೋಲ್ಡ್ (ಅದು ಕೆಲಸ ಶುರುಮಾಡುವ ಮಟ್ಟ) ತೀರ ಕೆಳಗಿದೆ, ಏರಿಸಿ. ಏರಿಳಿತ ಉಸಿರಾಡಿದಂತೆ ಕೇಳಿಸಿದರೆ ರಿಲೀಸ್ ಸಮಯ (ಅದು ಹಿಡಿತ ಬಿಡಲು ತೆಗೆದುಕೊಳ್ಳುವ ಹೊತ್ತು) ಹೆಚ್ಚಿಸಿ.

ಕಾರ್ಯಕ್ರಮದ ಆರಂಭದಲ್ಲಿ ಚೆನ್ನಾಗಿದ್ದು, ಹೊತ್ತು ಹೋದಂತೆ ದನಿ ಸೊರಗುವುದು ಬೇರೆ ಕಥೆ. ಅದು ಫೀಡ್‌ಬ್ಯಾಕ್ ತಡೆಯುವ ಆಟೋ ಮೋಡ್. ಮೈಕ್ ಕೂಗಿದಾಗಲೆಲ್ಲ ಅದು ಒಂದು ಕಿರಿದಾದ ನಾಚ್ (ಒಂದು ಫ್ರೀಕ್ವೆನ್ಸಿಯನ್ನಷ್ಟೇ ಕತ್ತರಿಸುವ ಫಿಲ್ಟರ್) ಹಾಕುತ್ತದೆ. ತೊಂದರೆಯೆಂದರೆ ಕೊಳಲಿನ ನೀಳ ಸ್ವರವೂ ಅದಕ್ಕೆ ಕೂಗಿನಂತೆಯೇ ಕಾಣಬಹುದು. ನಾಚ್‌ಗಳು ಕೂಡುತ್ತಾ ಹೋಗಿ ಸಂಗೀತವೇ ಸವೆಯುತ್ತದೆ. ‘ಲೈವ್’ ಫಿಲ್ಟರ್‌ಗಳನ್ನು ಅಳಿಸಿ, ಕಾರ್ಯಕ್ರಮಕ್ಕೆ ಮುನ್ನ ಪತ್ತೆಹಚ್ಚಿದ ಸ್ಥಿರ ಫಿಲ್ಟರ್‌ಗಳನ್ನಷ್ಟೇ ಉಳಿಸಿ. ಅಳಿಸುವಾಗ ವಾಲ್ಯೂಮ್ ಇಳಿಸಿರಿ. ತಡೆ ಹೋದೊಡನೆ ಮೈಕ್ ಕೂಗಲು ಕಾಯುತ್ತಿರುತ್ತದೆ. ಅಂದಹಾಗೆ ಮೈಕ್ ಸ್ಪೀಕರ್‌ನ ಎದುರಿಗೇ ಇದ್ದರೆ ಯಾವ ಮೋಡ್‌ನಿಂದಲೂ ಉಪಯೋಗವಿಲ್ಲ, ಮೊದಲು ಮೈಕ್ ಸರಿಸಿ.

ಲಕ್ಷಣ: ಚಿಟಚಿಟ ಸದ್ದು, ನಡುನಡುವೆ ಮೌನ

ಡಿಜಿಟಲ್ ಕೇಬಲ್‌ನಲ್ಲಿ ಜೋಡಿಸಿದ್ದರೆ ಮಾತ್ರ ಇದನ್ನು ಓದಿ. ಸ್ಯಾಂಪಲ್‌ಗಳಿಗೆ ತಾಳ ಹಾಕುವುದು ಕ್ಲಾಕ್. ಒಂದು ವ್ಯವಸ್ಥೆಯಲ್ಲಿ ಕ್ಲಾಕ್ ಯಜಮಾನ ಒಬ್ಬನೇ. ಮಿಕ್ಸರ್ ಯಜಮಾನನಾದರೆ ಈಕ್ವಲೈಜರ್‌ನ ಕ್ಲಾಕ್ ‘ಎಕ್ಸ್‌ಟರ್ನಲ್’ ಇರಬೇಕು. ಎರಡೂ ‘ಇಂಟರ್ನಲ್’ ಆದರೆ ನಿಯಮಿತವಾಗಿ ಟಿಕ್ ಟಿಕ್ ಕೇಳುತ್ತದೆ. ‘ಲಾಕ್’ ದೀಪ ಮಿನುಗುತ್ತಿದ್ದರೆ ಕೇಬಲ್ ಮೇಲೆ ಅನುಮಾನ ಪಡಿ: ಕೋಆಕ್ಸಿಯಲ್ ಎಸ್‌ಪಿಡಿಐಎಫ್‌ಗೆ 75 ಓಮ್, ಎಇಎಸ್ ಸಂಪರ್ಕಕ್ಕೆ 110 ಓಮ್ ಕೇಬಲ್ ಬೇಕು. ಸಿಕ್ಕಿದ ಮೈಕ್ ಕೇಬಲ್ ಕಡಿಮೆ ದೂರಕ್ಕೆ ನಡೆದೀತು, ಉದ್ದವಾದಾಗ ಕೈಕೊಡುತ್ತದೆ.

ಲಕ್ಷಣ: ‘ಗುಂಯ್’ ಎನ್ನುವ ಹಮ್

50 ಅಥವಾ 60 ಹರ್ಟ್ಸ್‌ನಲ್ಲಿ ನಾಚ್ ಹಾಕಿ ಹಮ್ ಅಡಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಅದರ ಎರಡು ಪಟ್ಟು, ಮೂರು ಪಟ್ಟಿನ ಹಮ್ ಉಳಿದೇ ಇರುತ್ತದೆ, ಬಾಸ್ ಮಾತ್ರ ಬಡವಾಗುತ್ತದೆ. ಕಾರಣ ಹೆಚ್ಚಾಗಿ ಗ್ರೌಂಡ್ ಲೂಪ್, ಅಂದರೆ ಉಪಕರಣಗಳ ನಡುವೆ ಅರ್ತ್ ದಾರಿ ಎರಡಾಗಿ ಉಂಟಾದ ಸುತ್ತು. ಎಲ್ಲ ಉಪಕರಣಗಳನ್ನೂ ಒಂದೇ ಪವರ್ ಪಾಯಿಂಟ್‌ನಿಂದ ಕೊಡಿ, ಬ್ಯಾಲನ್ಸ್ಡ್ ಕೇಬಲ್ ಹಾಕಿ, ಆಗಲೂ ಇದ್ದರೆ ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್. ಪ್ಲಗ್‌ನ ಅರ್ತ್ ಪಿನ್ ಮುರಿದು ಹಮ್ ನಿಲ್ಲಿಸುವುದು ಮಾತ್ರ ಯಾವ ಕಾರಣಕ್ಕೂ ಸಲ್ಲದು. ಒಳಗೆ ಒಂದು ವೈರ್ ಸಡಿಲವಾದ ದಿನ ಮೈಕ್ ಹಿಡಿದವರಿಗೆ ಶಾಕ್ ಹೊಡೆಯುತ್ತದೆ. ಯಂತ್ರದ ಮೈ ಮುಟ್ಟಿದಾಗ ಜುಮ್ಮೆಂದರೆ ಮುಂದಿನ ಪರೀಕ್ಷೆಯೇ ಬೇಡ. ಪ್ಲಗ್ ತೆಗೆದು ಎಲೆಕ್ಟ್ರಿಷಿಯನ್ ಕರೆಯಿರಿ.

ಲಕ್ಷಣ: ಸೆಟ್ಟಿಂಗ್ ನೆನಪಿರುವುದಿಲ್ಲ, ಅಥವಾ ಯಂತ್ರ ಏಳುವುದೇ ಇಲ್ಲ

ಆಫ್ ಮಾಡಿದಾಗ ಎಲ್ಲ ಅಳಿಸಿಹೋದರೆ ‘ಸ್ಟೋರ್’ ಒತ್ತಿದ್ದಿರಾ ಎಂದು ಮೊದಲು ನೋಡಿ. ಒತ್ತಿದ್ದೂ ಮರೆಯುತ್ತಿದ್ದರೆ, ಹಳೆಯ ಯಂತ್ರಗಳಲ್ಲಿ ನೆನಪು ಕಾಯುವ ನಾಣ್ಯದಾಕಾರದ ಲಿಥಿಯಂ ಬ್ಯಾಟರಿ ಸತ್ತಿರುತ್ತದೆ. ಕೆಲವದರಲ್ಲಿ ಅದನ್ನು ಬೆಸುಗೆ ಹಾಕಿರುವುದರಿಂದ ಮನೆಯಲ್ಲಿ ಕೀಳಬೇಡಿ.

ಫ್ಯಾಕ್ಟರಿ ರೀಸೆಟ್ ಕೊನೆಯ ಮದ್ದು; ಅದಕ್ಕೂ ಮುಂಚೆ ಪ್ರೀಸೆಟ್‌ಗಳನ್ನು ಹೊರಗೆ ಉಳಿಸಿ, ಆಗದಿದ್ದರೆ ಪ್ರತಿ ಪುಟದ ಫೋಟೋ ತೆಗೆಯಿರಿ. ಒಂದು ಯಂತ್ರದ ಅಂಕಿಗಳನ್ನು ಇನ್ನೊಂದು ಕಂಪನಿಯ ಯಂತ್ರಕ್ಕೆ ಹಾಕಿದರೆ ಅದೇ ದನಿ ಸಿಗದು, ಕ್ಯೂ ಲೆಕ್ಕ ಹಾಕುವ ರೀತಿ ಎಲ್ಲರದೂ ಒಂದೇ ಅಲ್ಲ. ಫರ್ಮ್‌ವೇರ್ ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ಯಂತ್ರ ಏಳದೇ ಹೋಗಬಹುದು. ಕಾರ್ಯಕ್ರಮದ ಹಿಂದಿನ ರಾತ್ರಿ ಆ ಕೆಲಸ ಇಟ್ಟುಕೊಳ್ಳಬೇಡಿ.

ದೀಪವೇ ಬರದಿದ್ದರೆ ಪವರ್ ಕೇಬಲ್ ಬದಲಿಸಿ. ಹೊರಗಿನಿಂದ ತೆಗೆಯಬಹುದಾದ ಫ್ಯೂಸ್ ಇದ್ದರೆ ಪ್ಲಗ್ ಕಿತ್ತು, ಅದೇ ಆಂಪಿಯರ್‌ನ, ಅದೇ ಬಗೆಯ ಫ್ಯೂಸ್ ಹಾಕಿ. ಅದೂ ಹಾರಿದರೆ ಮೂರನೆಯದು ಹಾಕಬೇಡಿ, ಒಳಗೆ ಶಾರ್ಟ್ ಇದೆ. ಮುಚ್ಚಳ ಬಿಚ್ಚುವ ಯೋಚನೆಯೂ ಬೇಡ. ಪ್ಲಗ್ ಕಿತ್ತ ಮೇಲೂ ಪವರ್ ಸಪ್ಲೈನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ.

ರಿಪೇರಿಗೆ ಕೊಡುವಾಗ ‘ಸೌಂಡ್ ಸರಿಯಿಲ್ಲ’ ಎಂದಷ್ಟೇ ಹೇಳಿ ಬರಬೇಡಿ. ಯಾವ ಮೋಡ್, ಯಾವ ಚಾನಲ್, ಬೈಪಾಸ್‌ನಲ್ಲಿ ಏನಾಯಿತು, ಕೆಂಪು ದೀಪ ಇನ್‌ಪುಟ್‌ನಲ್ಲೋ ಔಟ್‌ಪುಟ್‌ನಲ್ಲೋ, ಆನ್ ಮಾಡಿದ ಕೂಡಲೇ ಆಗುತ್ತದೋ ಬಿಸಿಯಾದ ಮೇಲೋ, ಫರ್ಮ್‌ವೇರ್ ಆವೃತ್ತಿ ಎಷ್ಟು, ಇಷ್ಟನ್ನು ಚೀಟಿಯಲ್ಲಿ ಬರೆದು ಯಂತ್ರದ ಮೇಲೆ ಅಂಟಿಸಿ ಕೊಡಿ.